ವರತಿ ಹೋತು ಅಂದಾವ

ಮುಂಬಯಿಯ ಬೈಕುಲ್ಲಾದಾಗ ಬಾವಿ ಅದಾವ ಅಂದ್ರ ಮಂದಿ ನಗ್ತಾರ. ನಗಲಿ. ನಗೂ ಮಂದಿಗಿ ನೀರು ಎಲ್ಲಿಂದ ಬರತೈತಿ ಅಂತ ಕೇಳಿ ನೋಡ್ರಿ, ನಳದಿಂದ ಅಂತಾರ. ಅವರ ಶ್ಯಾಣೇತನ ಅಲ್ಲಿಗಿ ಮುಗೀತು. ಮಸೂತಿ ಹಿಂದ, ಮುಚ್ಚಿದ ಗಿರಣಿ ಕಂಪೌಂಡಿನಾಗ, ಹಳೇ ಚಾಳಿನ ನಡು ಅಂಗಳದಾಗ ಇನ್ನೂ ಬಾವಿ ಅದಾವ. ಎಷ್ಟೋ ಬಾವಿ ಬಾಯಿಗಿ ಹಾಸುಗಲ್ಲು ಹಾಕಿ ಅದರ ಮ್ಯಾಲ ಸ್ಕೂಟರ್ ನಿಲ್ಲಸ್ತಾರ. ಬೈಕುಲ್ಲಾದಿಂದ ಹಿಡಿದು ಪರೇಲ್, ಸಯನ್ ತನಕ ಯಾವ ಬಾವಿ ಎಷ್ಟಾಳು ಆಳ, ಯಾವುದರ ನೀರು ಸಿಹಿ, ಯಾವುದರದು ಸವಳು, ಎಲ್ಲಾ ಬಾಯಿಪಾಠ ಇದ್ದಾವ ಒಬ್ಬ ಇದ್ದ. ಇದ್ದ ಅಂದ್ರ ಸತ್ತಿಲ್ಲ, ಇನ್ನೂ ಅದಾನ. ಆದ್ರ ಈಗ ಅವನ್ನ ಕೇಳೋರು ಯಾರೂ ಇಲ್ಲ.

ಅವನ ಹೆಸರು ಅಲ್ಲಾವುದ್ದೀನ. ಸಿಂದಗಿ ಕಡೆಯಾವ, ವಯಸ್ಸು ಅರವತ್ತರ ಹತ್ತಿರ. ಅಜ್ಜ ಬಾವಿ ತೋಡಾವ, ಅಪ್ಪ ಬಾವಿ ತೋಡಾವ. ಊರಿಗಿ ಬೋರ್ ಕೊರಿಯೂ ಲಾರಿ ಬಂದ ವರ್ಷ ಅಪ್ಪನ ಹಾರಿ-ಗುದ್ದಲಿ ಮೂಲಿ ಸೇರಿದ್ವು, ಮಗ ಮುಂಬಯಿ ಗಾಡಿ ಹತ್ತಿದ. ಮುಂಬಯಿಯಾಗ ಯಾರೂ ಹೊಸಾ ಬಾವಿ ತೋಡೂದಿಲ್ಲ, ಆದ್ರ ಹಳೇ ಬಾವಿಯ ಹೂಳು ತೆಗೆಯಾಕ ಮನಶ್ಯಾ ಬೇಕಲ್ಲ. ಅದರಾಗ ಬಿದ್ದ. ಹೂಳು ಯಾರ ಬೇಕಾದ್ರೂ ತೆಗೀತಾರ. ಅಲ್ಲಾವುದ್ದೀನನ ಕಸಬು ಅದಕ್ಕೂ ಮುಂದಿಂದು. ಬಾವಿ ತಳದಾಗ ಬಂಡಿಗಲ್ಲಿನ ಸಂದಿಯಿಂದ ನೀರು ಒಸರೂ ಜಾಗ ಇರತೈತಿ, ಅದಕ್ಕ ನಮ್ಮ ಕಡೆ ವರತಿ ಅಂತಾರ. ವರ್ಷಾನುಗಟ್ಟಲೆ ರಾಡಿ ಕುಂತು ಅದು ಮುಚ್ಚಿ ಹೋಗಿರತೈತಿ. ಅವ ರಾಡ್ಯಾಗ ಕೈ ಬಿಟ್ಟು ಸುಮ್ಮನ ಕುಂಡ್ರಾವ. ಎಲ್ಲಿ ಬೆರಳಿಗಿ ತಣ್ಣಗ ಹತ್ತೀತೋ ಅಲ್ಲಿ ಹಾರಿ ಹಾಕಿ ನಾಕು ಪೆಟ್ಟು. ನೀರು ಬುಳುಬುಳು ಅಂತ ಬರೂದು. "ನಿಂಗಾ, ವರತಿ ಬಂತಲೇ!" ಅಂತ ಕೆಳಗಿಂದ ಕೂಗಾವ.

ಮ್ಯಾಲ ಹಗ್ಗ ಹಿಡಿದು ನಿಂತಾವ ನಿಂಗಣ್ಣ. ಇಂಡಿ ತಾಲೂಕಿನಾವ, ಅಲ್ಲಾವುದ್ದೀನಗಿಂತ ಹತ್ತು ವರ್ಷಕ್ಕ ಸಣ್ಣಾವ. ಮೂವತ್ತು ವರ್ಷ ಇವನ ಜೀವ ಅವನ ಕೈಯಾಗ. ಹೇಣ್ತಿನ್ನ ಬದಲಿ ಮಾಡಿದ್ರೂ ನಡೀತೈತಿ, ಹಗ್ಗ ಹಿಡಿಯಾವನ್ನ ಬದಲಿ ಮಾಡಬಾರದು ಅಂತ ಅಲ್ಲಾವುದ್ದೀನ ಹೇಳಾವ. ಅದನ್ನ ಕೇಳಿದಾಗೆಲ್ಲ ಅವನ ಹೇಣ್ತಿ ಅಮೀರುನ್ನೀಸಾ, "ಹಂಗಾರ ಅವನ ಕೈಲೇನ ರೊಟ್ಟಿ ಮಾಡಿಸ್ಕೊಂಡು ತಿನ್ರಿ" ಅನ್ನಾಕಿ. ಎರಡೂ ಸಂಸಾರ ಕಟೋರಾ ಚಾಳಿನಾಗ, ಎದರಾ ಬದರಾ ಖೋಲಿ. ನಿಂಗಣ್ಣನ ಹೇಣ್ತಿ ಮಲ್ಲಕ್ಕ ಇವನ್ನ ಅಣ್ಣಾ ಅಂತ ಕರೀತಿದ್ಲು. ಬರೇ ಕರಿಯೂದಲ್ಲ, ಪಂಚಮಿಗಿ ಉಂಡಿ ಕೊಡಾಕಿ, ಈದಿಗಿ ಅಣ್ಣನ ಕಾಣಿಕಿ ಕಸಗೊಂಡು ಹೋಗಾಕಿ.

ಆ ಚಾಳಿನ ನಡು ಅಂಗಳದಾಗ ಒಂದು ಬಾವಿ. ಐದಾಳಿನ ಬಾವಿ, ಕಲ್ಲಿನ ಕಟ್ಟಿ, ಮಗ್ಗಲಕ ಒಂದು ಅರಳಿಮರ. ನಳದಾಗ ಮುಂಜಾನೆ ಮುಕ್ಕಾಲು ತಾಸು ನೀರು ಬಂದ್ರ ಬಂತು, ಉಳಿದದ್ದೆಲ್ಲಾ ಬಾವಿ. ನಲವತ್ತೆರಡು ಖೋಲಿಯ ಬಟ್ಟಿ, ಭಾಂಡೆ, ಜಳಕ ಅದರ ಮ್ಯಾಲ. ಅಮೀರುನ್ನೀಸಾ ಹದಿನೈದು ಮಂದಿ ಕೂಲಿಗಾರರಿಗಿ ಡಬ್ಬಿ ಕಟ್ಟಾಕಿ. ನಳದ ನೀರಿಗಿಂತ ಬಾವಿ ನೀರಾಗ ಬ್ಯಾಳಿ ಲಗೂ ಕುದೀತೈತಿ ಅಂತ ಆಕಿ ಕುಕ್ಕರಿಗಿ ಬಾವಿ ನೀರನ್ನ ಹಾಕಾಕಿ. ಈ ಬಾವಿ ಹೋತಂದ್ರ ಚಾಳಿನಾಗ ಯಾರೂ ಇರಾಕ ಆಗೂದಿಲ್ಲ, ಇದು ಎಲ್ಲಾರಿಗೂ ಗೊತ್ತಿತ್ತು. ಅದನ್ನ ಉಳಿಸಾಕ ಹೋಗೇನ ಅಲ್ಲಾವುದ್ದೀನ ಮುಳುಗಿದ.

ಆದ್ರ ಖರೇ ಹೇಳಬೇಕಂದ್ರ ಮೊದಲ ತಪ್ಪು ಅವಂದ. ಮುಚ್ಚಬಾರದು, ಹೇಳೇಬಿಡತೀನಿ.

ಚಾಳಿನ ಹಿಂದಿನ ಗಲ್ಲ್ಯಾಗ ಒಂದು ಹಳೇ ಗಿರಣಿ ಕಂಪೌಂಡು. ಅಲ್ಲಿಯ ಬಾವಿನ್ನ ಟ್ಯಾಂಕರಿನಾಗ ನೀರು ಮಾರೂ ಶಶಿಕಾಂತ ಗುತ್ತಿಗಿ ಹಿಡಿದ. ದೊಡ್ಡ ಬಾವಿ, ಆದ್ರ ಹೂಳು ತುಂಬಿ ಸತ್ತಿತ್ತು. "ಚಾಚಾ, ನಿಮ್ಮಂಥಾ ಕೈ ಮುಂಬಯಿಯಾಗ ಯಾರದೂ ಇಲ್ಲ" ಅಂದ. ಹೊಗಳಿಸ್ಕೊಂಡಾವ ಹೊಂಡಕ್ಕ ಬಿದ್ದ. ಅಲ್ಲಾವುದ್ದೀನ ಇಳಿದು ಹನ್ನೆರಡು ದಿನಾ ಕೆಲಸ ಮಾಡಿ ಮೂರು ವರತಿ ಬಿಡಿಸಿಕೊಟ್ಟ. ಮ್ಯಾಲ ಬಂದು ಹೇಳಿದ, "ದಿನಕ್ಕ ನಾಕು ಟ್ಯಾಂಕರ್ ಎಳೀರಿ, ಭೂಮಿ ತಡಕೊಂತೈತಿ. ಅದಕಿಂತ ಹೆಚ್ಚಿಗಿ ಬ್ಯಾಡ. ಸಮುದ್ರ ಇಲ್ಲೇ ಐತಿ." ಶಶಿಕಾಂತ ಅವನ ಹೆಗಲ ಮ್ಯಾಲ ಕೈ ಇಟ್ಟು ಹೂಂ ಅಂದ. ಮರುದಿನ ದೊಡ್ಡ ಮೋಟರ್ ಕುಂತಿತು. ನಾಕು ಹೋಗಿ ಹತ್ತಾತು, ಹತ್ತು ಹೋಗಿ ಮೂವತ್ತಾತು. ಮುಂಬಯಿಯಾಗ ನಲವತ್ತು ಮಾಳಿಗಿ ಟಾವರ್ ಏಳಾಕತ್ತಾವಲ್ಲ, ಅವಕ್ಕ ಕಾಂಕ್ರೀಟ ಕಲಸಾಕ ನೀರು ಬೇಕಲ್ಲ!

ಇಲ್ಲಿ ಒಂದು ಮಾತು ತಿಳಕೋಬೇಕು, ಇಲ್ಲಾಂದ್ರ ಮುಂದಿಂದು ತಿಳಿಯಂಗಿಲ್ಲ. ಸಿಹಿನೀರು ಹಗೂರ, ಉಪ್ಪುನೀರು ಭಾರ. ಸಮುದ್ರದ ದಂಡಿ ಊರಾಗ ನೆಲದ ಹೊಟ್ಟ್ಯಾಗ ಕೆಳಗ ಉಪ್ಪುನೀರು ಇರತೈತಿ, ಅದರ ಮ್ಯಾಲ ಮಳಿಯ ಸಿಹಿನೀರು ಹಾಲಿನ ಕೆನಿ ಹಂಗ ಕುಂತಿರತೈತಿ. ಕೆನಿ ಎಳಕೊಂತ ಹೋದ್ರ ಏನಾಗತೈತಿ? ಬಾವಿ ಬತ್ತೂದಿಲ್ಲ. ಅದ ಮೋಸ. ಊರಾಗ ಬಾವಿ ಬತ್ತಿದ್ರ ತಳಾ ಕಾಣತೈತಿ, ಬರ ಬಂತು ಅಂತ ಕಂದಾಯದ ಆಫೀಸರಿಗೂ ಗೊತ್ತಾಗತೈತಿ. ಇಲ್ಲಿ ಸಿಹಿ ಬಿಟ್ಟ ಜಾಗಕ್ಕ ಉಪ್ಪು ಬಂದು ಕುಂಡ್ರತೈತಿ. ನೋಡೋರಿಗಿ ನೀರ ನೀರು. ಮುಂಬಯಿಗಿ ಮಳಿಯೇನು ಕಡಿಮಿ ಇಲ್ಲ, ನಾಕು ತಿಂಗಳು ಮುಗಿಲು ಹರಿದಂಗ ಸುರೀತೈತಿ. ಆದ್ರ ಕುಡಿಯಾಕ ನೆಲ ಎಲ್ಲೈತ್ರಿ? ಅಂಗಳಕ್ಕ ಕಾಂಕ್ರೀಟ, ಗಲ್ಲಿಗಿ ಕಾಂಕ್ರೀಟ, ಗಿಡದ ಬುಡಕ್ಕೂ ಕಾಂಕ್ರೀಟ. ಬಿದ್ದ ನೀರೆಲ್ಲಾ ಗಟಾರ ಹಿಡಿದು ಸಮುದ್ರ ಸೇರತೈತಿ. ಮುಗಿಲಾಗ ಮಳಿ, ನೆಲದಾಗ ಬರ. ಇಂಥಾ ಸುಡುಗಾಡು ಬರ ಯಾರ ಕಣ್ಣಿಗೂ ಬೀಳೂದಿಲ್ಲ.

ಚಾಳಿನಾಗ ಮೊದಲು ಗೊತ್ತಾದದ್ದು ಹೆಂಗಸರಿಗಿ. ಸಬಕಾರ ಎಷ್ಟು ತಿಕ್ಕಿದ್ರೂ ನೊರಿ ಬರವಲ್ದು. ಬ್ಯಾಳಿ ಐದು ಸೀಟಿ ಹೊಡೆದ್ರೂ ಕಲ್ಲಿನಂಗ. ಡಬ್ಬಿಯಾಗ ಬ್ಯಾಳಿ ಬೆಂದಿಲ್ಲ ಅಂತ ಕೂಲಿಗಾರರು ತಕರಾರು ತೆಗೆದ್ರು. ಆ ಮ್ಯಾಲ ಬಾವ್ಯಾಗ ಬಿಟ್ಟ ಮೀನ ಹೊಟ್ಟಿ ಮ್ಯಾಲಾಗಿ ತೇಲಿದ್ವು. ಅವನ್ನ ಹಿಡಿಯಾಕ ದಿನಾ ಬಂದು ಕಟ್ಟಿ ಮ್ಯಾಲ ಕುಂಡ್ರತಿದ್ದ ಮಿಂಚುಳ್ಳಿ ಬರೂದು ಬಿಟ್ಟಿತು. ಅರಳಿಮರ ಶ್ರಾವಣದಾಗ ಎಲಿ ಉದುರಿಸಿ ಬೋಳಾಗಿ ನಿಂತಿತು. ಅಲ್ಲಾವುದ್ದೀನ ಇಳಿದು ನೋಡಿದ. ನಾಲ್ಕು ಕಡೆ ವರತಿಗಿ ಕೈ ಇಟ್ಟ, ಎಲ್ಲೂ ತಣ್ಣಗ ಹತ್ತಲಿಲ್ಲ. ಮ್ಯಾಲ ಬಂದು ಸೀದಾ ಖೋಲ್ಯಾಗ ಹೋಗಿ ಗ್ವಾಡಿಗಿ ಮಾರಿ ಮಾಡಿ ಮಲಗಿದ. ಆ ಗಿರಣಿ ಬಾವಿನ್ನ ಎಬ್ಬಿಸಿದ ಕೈ ಅವಂದ ಅಲ್ಲೇನು.

ಆಗ ನಿಂಗಣ್ಣನ ಮಗಳು ಸಪ್ನಾ ಒಂದು ಸುದ್ದಿ ತಂದ್ಲು. ಮರಾಠಿ ಸಾಳಿಯಾಗ ಕಲಿತ ಹುಡುಗಿ, ಪರೇಲಿನ ಒಂದು ದವಾಖಾನಿಯಾಗ ನರ್ಸ್. ಕನ್ನಡ ತಡವರಿಸಿ ಮಾತಾಡಾಕಿ. "ಕಾಕಾ, ಶಶಿಕಾಂತಂದು ನೀರು ಎಳಿಯೂ ಲಾಯಸನ್ ಮಾರ್ಚನಾಗ ಮುಗೀತದ. ಹೊಸಾ ಲಾಯಸನ್ ಕೊಡೂ ಪೈಲೆ ಸರಕಾರಿ ಆಫೀಸಿನೋರು ಆಜೂಬಾಜೂ ಬಾವಿ ಚೆಕ್ ಮಾಡಬೇಕು, ಐಸಾ ರೂಲ್ ಐತಿ. ನಾವು ಅರ್ಜಿ ಡಾಲೋಣು." ಚಾಳಿನ ಮಂದಿ ಎಲ್ಲಾ ಸಹಿ ಹಾಕಿದ್ರು. ಮೋಟರ್ ನಿಂತು ಎರಡು ಮಳಿಗಾಲ ಕಳೆದ್ರ ಸಿಹಿನೀರು ತಿರುಗಿ ಬರತೈತಿ ಅಂತ ಅಲ್ಲಾವುದ್ದೀನ ಎಲ್ಲಾರ ಮುಂದ ಎದಿ ತಟ್ಟಿ ಹೇಳಿದ. ತನ್ನ ಕೈಲೆ ಆದದ್ದನ್ನ ತಾನ ತೊಳಕೋಬೇಕು ಅನ್ನೂ ಹಟ ಅವಂದು.

ಮಾರ್ಚನಾಗ ಆ ಆಫೀಸಿನ ಸಾಹೇಬ ಬಂದ, ಜೋಡಿ ಕ್ಲರ್ಕ್ ಅಮಿತ. ಸಪ್ನಾಂದು ಅವತ್ತು ದವಾಖಾನಿ ಡ್ಯೂಟಿ. ಅಲ್ಲಾವುದ್ದೀನ ಈದಿನ ಅಂಗಿ ತೊಟ್ಟು ನಿಂತಿದ್ದ. ಸಾಹೇಬ ಬಾವ್ಯಾಗ ಇಣುಕಿ ನೋಡಿದ, ಕೆಳಗ ನೀರು ಮಿಣಮಿಣ ಅಂತಿತ್ತು. "ಬಾವಿ ಬಲ್ಲೋರು ಯಾರು?" ಅಂತ ಮರಾಠಿಯಾಗ ಕೇಳಿದ. ಮಂದಿಯೆಲ್ಲಾ ಅಲ್ಲಾವುದ್ದೀನನ್ನ ಮುಂದಕ್ಕ ನೂಕಿದ್ರು.

ಹಿಂದಿಯಾಗ ಮಾತಾಡಿದ್ರ ಆಗತಿತ್ತು. ನಲವತ್ತು ವರ್ಷ ಹಿಂದಿಯಾಗ ಬದುಕಿದಾವ. ಆದ್ರ ದೊಡ್ಡ ಸಾಹೇಬ, ಮರಾಠಿ ಮನಶ್ಯಾ, ಅವನ ಮಾತಿನಾಗ ಹೇಳಿದ್ರ ಚಂದ ಅಂತ ಮರ್ಯಾದಿಗಿ ಬಿದ್ದ. ಬಾವಿ ಮಾತು ಅವನ ಬಾಯಾಗ ಹುಟ್ಟಾ ಕನ್ನಡದ್ದು. ಅದಕ್ಕ ಮರಾಠಿಯಾಗ ಏನಂತಾರ ಅಂತ ಅವಗ ಎಂದೂ ಬೇಕಾಗಿದ್ದಿಲ್ಲ. ನಮ್ಮ ವರತಿ ಹೋತು ಅನ್ನೂದನ್ನ ಕೈ ಮುಗಿದು ಮರಾಠಿಯಾಗ ಹೇಳಿದ, "ಸಾಹೇಬ್, ಆಮಚೀ ವರತಿ ಗೇಲೀ."

"ವರತೀ ಗೇಲೀ?" ಅಂದ ಅಮಿತ.

"ಹೋಯ್ ಸಾಹೇಬ್. ದೋನ ವರ್ಷಾತ ಪೂರ್ಣ ವರತಿ ಗೇಲೀ."

ಅಮಿತ ಬರಕೊಂಡ. ಸಾಹೇಬ ಗೋಣು ಹಾಕಿದ. ಅಲ್ಲಾವುದ್ದೀನ ಕನ್ನಡದಾಗ ದುಂಡಗ ಸಹಿ ಮಾಡಿದ. ಸಾಹೇಬಗ ಚಹಾ ಕೊಟ್ಟು, ಅಮೀರುನ್ನೀಸಾ ಮಾಡಿದ ಬೇಸನ್ ಉಂಡಿ ಕೊಟ್ಟು ಕಳಿಸಿದ್ರು. "ಹೇಳಬೇಕಾದ್ದು ಹೇಳಿದೆ, ಇನ್ನ ಅಲ್ಲಾ ಇದ್ದಾನ" ಅಂತ ಅವ ಆ ದಿನ ಭಾಳ ದಿನದ ಮ್ಯಾಲ ಹೊಟ್ಟಿತುಂಬ ಉಂಡ.

ಇಪ್ಪತ್ತು ದಿನದ ಮ್ಯಾಲ ಚಾಳಿನ ಗೇಟಿಗಿ ಒಂದು ಕಾಗದ ಹಚ್ಚಿದ್ರು. ಸಪ್ನಾ ನಿಂತು ಓದಿದ್ಲು. ಓದತಾ ಓದತಾ ಆಕಿ ದನಿ ಇಳೀತು. ಶಶಿಕಾಂತಗ ಲಾಯಸನ್ ಸಿಕ್ಕಿತ್ತು, ಮೂರು ವರ್ಷಕ್ಕ. ಕಾರಣ ಕೆಳಗ ಬರೆದಿದ್ರು: ಚಾಳಿನ ಅನುಭವಸ್ಥ ಬಾವಿ ಕೆಲಸಗಾರ ಅಲ್ಲಾವುದ್ದೀನ ಇವರ ಹೇಳಿಕೆಯಂತೆ ಎರಡು ವರ್ಷದಾಗ ಪಾಣ್ಯಾಚೀ ಪಾತಳೀ ವರತೀ ಗೇಲೀ.

"ಅಂದ್ರ?" ಅಂದ ನಿಂಗಣ್ಣ.

"ನೀರಿನ ಲೆವೆಲ್ ಮ್ಯಾಲ ಹೋಗ್ಯಾದ ಅಂತ, ಅಪ್ಪಾ. ವರತೀ ಅಂದ್ರ ಊಪರ್. ಕಾಕಾ, ನೀವು ಐಸಾ ಯಾಕ ಹೇಳಿದ್ರಿ?"

ಅಲ್ಲಾವುದ್ದೀನಗ ಆ ಮರಾಠಿ ಮಾತು ಗೊತ್ತಿದ್ದಿಲ್ಲ ಅಂತಲ್ಲ. ಮಾಳಿಗಿ ಮೆಟ್ಟಲದ ಮ್ಯಾಲ, ಬಸ್ಸಿನಾಗ, ದಿನಾ ಹತ್ತು ಸಲ "ವರತೀ ಚಲಾ" ಅಂತ ಕೇಳಿದಾವ. ಆದ್ರ ಕಿವ್ಯಾಗಿನ ವರತಿ ಬ್ಯಾರೆ, ಬಾಯಾಗಿನ ವರತಿ ಬ್ಯಾರೆ. ಎರಡೂ ಒಂದ ಜಾಗಾದಾಗ ಕೂಡ್ತಾವ ಅಂತ ಅವನ ಕನಸಿನಾಗೂ ಬಂದಿದ್ದಿಲ್ಲ. ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು. "ನಾ ನಮ್ಮ ವರತಿ ಅಂದೆನವ್ವಾ" ಅಂದ.

ಮಲ್ಲಕ್ಕ ಕೊಡಾ ದಪ್ ಅಂತ ಕುಕ್ಕಿ, "ಮಾರಿಬಿಟ್ಟೇನೋ ನಮ್ಮನ್ನ? ಅವನ ಬಾವಿ ತೆರೆದುಕೊಟ್ಟಾವ ನೀನ, ಈಗ ಸಹಿ ಮಾಡಿಕೊಟ್ಟಾವನೂ ನೀನ!" ಅಂದ್ಲು. ಅಣ್ಣಾ ಅನ್ನಲಿಲ್ಲ. ಅದಕಿಂತ ಹೆಚ್ಚಿಗಿ ಚುಚ್ಚಿದ್ದು ನಿಂಗಣ್ಣ ಸುಮ್ಮನ ನಿಂತದ್ದು. ವರತಿ ಅಂದ್ರ ಏನಂತ ಆ ಇಡೀ ಚಾಳಿನಾಗ ಬಲ್ಲಾವ ಅವನೊಬ್ಬ. ಮೂವತ್ತು ವರ್ಷ ಆ ಕೂಗು ಕೇಳಿ ಹಗ್ಗ ಜಗ್ಗಿದಾವ. ಅವಾ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ, ಹೇಣ್ತಿ ಹಿಂದ ಖೋಲಿಗಿ ನಡೆದ. ಮರುವಾರದಿಂದ ಟಾವರ್ ಕೆಲಸಕ್ಕ ಹೊಂಟ. ಹಗ್ಗ ಹಿಡಿಯೂ ಕೈ ಇಲ್ಲಾಂದ ಮ್ಯಾಲ ಅಲ್ಲಾವುದ್ದೀನನ ಕಸಬೂ ನಿಂತಿತು.

ಅವ ಆಫೀಸಿಗಿ ಅಡ್ಡಾಡಿದ. ಎಂಟು ಸಲ ಹೋದ. ಅಮಿತ ಕೆಟ್ಟಾವೇನಲ್ಲ, ಕುರ್ಚಿ ಕೊಟ್ಟು ಕುಂಡ್ರಿಸಿ, "ಚಾಚಾ, ಬರೆದದ್ದನ್ನ ಹೊಡೆದು ಹಾಕಾಕ ಬರೂದಿಲ್ಲ. ಎರಡನೇ ಸಲ ಚೆಕಿಂಗಿಗಿ ಅರ್ಜಿ ಕೊಡ್ರಿ" ಅಂದ. ಕೊಟ್ಟ. ತಾರೀಖು ಬಂದದ್ದು ಜುಲೈಕ್ಕ.

ಅಷ್ಟರಾಗ ಏಪ್ರಿಲ್ ಮೇ ಮುಗಿಯಬೇಕಲ್ಲ! ಬಾವಿ ನೀರು ಬಾಯಾಗ ಇಡಾಕ ಬರಲಾರದಂಗ ಆತು. ಅದರಾಗ ಜಳಕ ಮಾಡಿದ ಕೂಸುಗಳ ಮೈಯೆಲ್ಲಾ ಕೆರಕ. ನಳದ ಮುಂದ ಕೊಡದಿಂದ ಕೊಡಕ್ಕ ಬಡಿದಾಟ. ಅಮೀರುನ್ನೀಸಾಂದು ಹದಿನೈದು ಡಬ್ಬಿ ಇದ್ದದ್ದು ಐದಕ್ಕ ಇಳೀತು. ಐದು ಸಂಸಾರ ಖೋಲಿ ಬಿಟ್ಟು ಎಲ್ಲೋ ದೂರದ ಉಪನಗರಕ್ಕ ಹೋದ್ವು. ಒಣಗಿದ ಅರಳಿಮರ ಯಾರ ತಲಿ ಮ್ಯಾಲ ಬಿದ್ದೀತು ಅಂತ ಕಡಿದು ಹಾಕಿದ್ರು. ಅಲ್ಲಾವುದ್ದೀನ ಹಾದು ಹೋದ್ರ ಹೆಂಗಸರು ಮಾತು ನಿಲ್ಲಸ್ತಿದ್ರು. "ನಿಮ್ಮ ಬಾಯಿಗಿ ಆ ಹೊತ್ತು ಹಿಂದಿ ಬಂದಿದ್ರ ಏನಾಗತಿತ್ರೀ" ಅಂತ ಅಮೀರುನ್ನೀಸಾ ಒಂದ ಸಲ ಅಂದ್ಲು. ಅಂದಾದ ಮ್ಯಾಲ ತಾನ ಕಣ್ಣಿಗಿ ಸೆರಗು ಹಚ್ಚಿಕೊಂಡ್ಲು.

ಜುಲೈ ಬಂತು. ಸಾಹೇಬ ಬರೂ ದಿನದ ಹಿಂದಿನ ಎಂಟು ದಿನ ಒಂದ ಸಮನ ಮಳಿ. ಏನಂತೀರಿ ಇದಕ್ಕ! ಬಾವಿ ಕಟ್ಟಿಗಿ ಗೇಣು ಉಳಿಯೂ ತನಕ ತುಂಬಿತ್ತು. ಸಾಹೇಬ ಛತ್ರಿ ಹಿಡಕೊಂಡು ಇಣುಕಿ ನೋಡಿ ನಕ್ಕ. "ಚಾಚಾ, ಇಷ್ಟು ನೀರಿಟ್ಟುಕೊಂಡು ನೀರಿಲ್ಲ ಅಂತ ಅರ್ಜಿ ಕೊಡ್ತೀರಲ್ಲ?"

ಈ ಸಲ ಸಪ್ನಾ ರಜಾ ಹಾಕಿ ಮಗ್ಗಲಕ ನಿಂತಿದ್ಲು. ಅಲ್ಲಾವುದ್ದೀನ ಕನ್ನಡದಾಗ ಹೇಳಿದ, ಆಕಿ ಮರಾಠಿಯಾಗ ಒಂದೊಂದ ಅಕ್ಷರ ಬಿಡಿಸಿ ಹೇಳಿದ್ಲು. ಮ್ಯಾಲಿಂದು ಬರೇ ಮಳಿನೀರು, ಸಾಹೇಬ್ರ. ಗಟಾರಿಗಿ ಹೋಗದ ಇದರಾಗ ಬಿದ್ದದ್ದು, ಅಷ್ಟ. ಕೆಳಗ ಸಮುದ್ರ ಬಂದು ಕುಂತೈತಿ. ತೋರಸ್ತೀನಿ.

ಅವ ಒಂದು ಬಾಟ್ಲಿಗಿ ಕಲ್ಲು ಕಟ್ಟಿದ. ಬೂಚಿಗಿ ಒಂದು ದಾರ, ಬಾಟ್ಲಿಗಿ ಒಂದು ದಾರ. ತಳಾ ಮುಟ್ಟೂ ತನಕ ಇಳಿಬಿಟ್ಟು ಬೂಚಿನ ದಾರ ಜಗ್ಗಿದ. ಬಾಟ್ಲಿ ಅಲ್ಲೇ ತಳದ ನೀರು ತುಂಬಿಕೊಂತು. ಮ್ಯಾಲ ಎಳೆದು ಗ್ಲಾಸಿಗಿ ಸುರಿದು ಸಾಹೇಬನ ಮುಂದ ಹಿಡಿದ. ಚಾಳಿನ ಮಂದಿಯೆಲ್ಲಾ ಗ್ಯಾಲರಿಯಾಗ ನಿಂತಿದ್ರು. ನಿಂಗಣ್ಣನೂ ನಿಂತಿದ್ದ.

ಸಾಹೇಬ ಒಂದು ಹೆಜ್ಜಿ ಹಿಂದ ಸರಿದ. "ನಾ ಬಾವಿ ನೀರು ಕುಡಿಯೂದಿಲ್ಲ. ಉಪ್ಪು ಐತೋ ಇಲ್ಲೋ ನೋಡಾಕ ಲ್ಯಾಬಿಗಿ ಬ್ಯಾರೆ ಅರ್ಜಿ ಕೊಡಬೇಕಾಗತೈತಿ."

"ಹಂಗಾರ ನನ್ನ ಮಾರಿ ನೋಡ್ರಿ" ಅಂದ ಅಲ್ಲಾವುದ್ದೀನ. ಗ್ಲಾಸು ಎತ್ತಿದ.

ಒಂದು ಗುಟುಕು ಬಾಯಿಗಿ ಹಾಕಿ ಥೂ ಅಂತ ಉಗುಳಿದ್ರ ಮುಗೀತಿತ್ತು. ಸಣ್ಣ ಕೂಸಾದ್ರೂ ಹಂಗ ಮಾಡತಿತ್ತು. ಆದ್ರ ಬಾವಿ ಇಳಿಯೂ ಮಂದ್ಯಾಗ ಒಂದು ಕಟ್ಟು ಐತಿ: ಇಳಿದ ಬಾವಿಯ ನೀರು ಸಿಹಿ ಇರಲಿ, ಸವಳಿರಲಿ, ಬಾಯಿಗಿ ಹಾಕಿದ್ದನ್ನ ಉಗುಳಬಾರದು. ಉಗುಳಿದ್ರ ಆ ಬಾವಿ ಮುನೀತೈತಿ, ಮುಂದ ನಮಗ ಎಂದೂ ನೀರು ತೋರಸೂದಿಲ್ಲ. ಅಜ್ಜ ಉಗುಳಲಿಲ್ಲ, ಅಪ್ಪ ಉಗುಳಲಿಲ್ಲ. ನೀರು ನಾಲಿಗಿಗಿ ಹತ್ತಿದ ಕೂಡಲೇ ಅಲ್ಲಾವುದ್ದೀನನ ಗಂಟಲಾ ತಾನಾಗೇ ನುಂಗಿತು. ಒಂದು ಗುಟುಕು, ಎರಡು ಗುಟುಕು, ಗ್ಲಾಸು ಖಾಲಿ. ಮಾರಿ ಒಂದು ಗೆರಿ ಸೈತ ಅಲಗಲಿಲ್ಲ. ನೀರಿನ ಮುಂದ ಮಾರಿ ಕಿವುಚೂದೂ ಅವಗ ಗೊತ್ತಿದ್ದಿಲ್ಲ.

ಸಾಹೇಬ ಅಮಿತನ ಕಡೆ ನೋಡಿದ. ಅಮಿತ ಬರಕೊಂಡ. ಸಪ್ನಾ ಅವನ ಹೆಗಲ ಮ್ಯಾಲಿಂದ ಬಗ್ಗಿ ಓದಿ ಚೀರಿದ್ಲು: "ನಹೀ ಸರ್, ಇದು ತಪ್ಪು!" ಅಲ್ಲಾವುದ್ದೀನನ ಕಡೆ ತಿರುಗಿದ್ಲು: "ಅರ್ಜಿದಾರನು ಸ್ವತಃ ನಮ್ಮ ಮುಂದ ತಳದ ನೀರು ಒಂದು ಗ್ಲಾಸು ಕುಡಿದನು, ನೀರು ಕುಡಿಯಾಕ ಯೋಗ್ಯ ಐತಿ ಅಂತ ಬರೆದಾರ, ಕಾಕಾ!"

"ನಾ ಸಹಿ ಮಾಡಂಗಿಲ್ಲ" ಅಂದ ಅಲ್ಲಾವುದ್ದೀನ.

"ಬೇಕಾಗಿಲ್ಲ" ಅಂದ ಸಾಹೇಬ. "ನಾನ ಕಣ್ಣಾರೆ ನೋಡೀನಿ." ಇಬ್ಬರೂ ಛತ್ರಿ ಹಿಡಕೊಂಡು ಗೇಟು ದಾಟಿ ಹೋದ್ರು. ಉಪ್ಪು ತಿಂದಾವ ನೀರು ಕುಡೀಬೇಕು ಅಂತಾರ. ಇಲ್ಲಿ ತಿಂದಾವ ಶಶಿಕಾಂತ, ಕುಡಿದಾವ ಅಲ್ಲಾವುದ್ದೀನ.

ಅವ ಕಟ್ಟಿ ಹಿಡಕೊಂಡು ಮಳ್ಯಾಗ ಕುಂತ. ಗ್ಯಾಲರಿಯಿಂದ ಮಲ್ಲಕ್ಕ ಓಡಿ ಬಂದ್ಲು. ನಾಕು ತಿಂಗಳಿಂದ ಮಾತು ಬಿಟ್ಟಾಕಿ ಅವನ ರಟ್ಟಿ ಹಿಡಿದು ಅಲುಗಾಡಿಸಿದ್ಲು. ಆಕಿ ಅಳಾಕತ್ತಿದ್ಲು.

"ಉಗುಳಬೇಕಿತ್ತಲ್ಲೋ ಅಣ್ಣಾ! ಅವರ ಕಾಲ ಮ್ಯಾಲ ಉಗುಳಬೇಕಿತ್ತು! ಯಾಕ ಉಗುಳಲಿಲ್ಲೋ?"

ಅಲ್ಲಾವುದ್ದೀನ ಆಕಿ ಮಾರಿ ನೋಡಿದ. ಆಕಿ ಏನು ಕೇಳಾಕತ್ತಾಳ ಅಂತ ಅವಗ ಖರೇನ ತಿಳೀಲಿಲ್ಲ.

"ನೀರ ಅಲ್ಲೇನವ್ವಾ" ಅಂದ. "ನೀರು ಹ್ಯಾಂಗ ಉಗುಳಲಿ?"